ಅರ್ಜಿ ಸಾಲಿನ ನೆಂಟ

ಇವಳು ಅವನ ಕಡೆಯವಳೇ ಇರಬಹುದೇ? ಇರಲಿಕ್ಕಿಲ್ಲ. ಇದ್ದರೂ ಅದು ತನಗೆ ಹೇಗೆ ಗೊತ್ತಾಗಬೇಕು? ಆ ಮನುಷ್ಯನ ದವಡೆಯನ್ನು ಅವನು ಕಂಡದ್ದು ಒಂದೇ ದಿನ, ಅದೂ ಕೊನೆಗೆ ರಕ್ತ ಮೆತ್ತಿಕೊಂಡಿತ್ತು. ಅದೇ ದವಡೆ ಈಗ ಒಬ್ಬ ಹೆಂಗಸಿನ ಮುಖದಲ್ಲಿ ರೈಲಿನಿಂದ ಇಳಿದು ಬರುತ್ತಿದೆ ಎಂದರೆ ಯಾರು ನಂಬುತ್ತಾರೆ? ಚೌಕನೆಯ ದವಡೆಯವರು ಲೋಕದಲ್ಲಿ ಬೇಕಾದಷ್ಟು ಜನ. ಅಲ್ಲದೆ ಇವಳು ಚೀಲವನ್ನು ಬೀಸಿಕೊಂಡು ಬರುತ್ತಿದ್ದಾಳೆ. ಅರ್ಜಿ ತಂದವರು ಚೀಲವನ್ನು ಎದೆಗೆ ಅವುಚಿಕೊಂಡಿರುತ್ತಾರೆ, ಹೆತ್ತ ಕೂಸನ್ನು ಹಿಡಿದ ಹಾಗೆ. ಇವಳ ಚೀಲದಲ್ಲಿ ಮೂಲಂಗಿ ಇದೆ ಎಂದರೂ ನಂಬಬಹುದು.

ಹೀಗೆ ಅವನು ಕಂಬಕ್ಕೆ ಒರಗಿ ಅನುಮಾನಿಸುತ್ತ ನಿಂತಿರುವಾಗಲೇ ಅವಳು ಅವನ ತೀರ ಪಕ್ಕದಲ್ಲಿ ಹಾದುಹೋದಳು. ಸುಟ್ಟ ಬಟ್ಟೆಯ, ಗಂಜಿಯ ವಾಸನೆ ಬಂತು. ಮುಂಗೈ ತುಂಬ ಹಳೆಯ ಸುಟ್ಟ ಗೆರೆಗಳು. ಅವನು ಕೈ ಚಾಚಬೇಕಿತ್ತು. ಚಾಚಲಿಲ್ಲ. ಅವಳು ಸ್ಟೇಷನ್ನಿನ ಮೆಟ್ಟಿಲಿಳಿದು ಜನರಲ್ಲಿ ಕರಗಿಹೋದಳು.

ಅವನನ್ನು ಜೊತೆಯವರು ಕರೆಯುತ್ತಿದ್ದುದು ನೆಂಟ ಎಂದು. ಹಿಂದೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಎಲ್ಲರನ್ನೂ ಅಕ್ಕ, ಅಣ್ಣ, ತಾತ ಎಂದು ಕರೆದು ಒಳಗೆ ತುಂಬುವ ಬಾಯಿ ಅಲ್ಲೇ ಕಲಿತದ್ದು. ಈಗ ಅದೇ ಬಾಯಿ ಬೇರೆ ಗಾಡಿಗೆ ಜನ ತುಂಬುತ್ತಿತ್ತು. ಅವನ ಜಿಲ್ಲೆಯಿಂದ ಸಂಸತ್ತಿಗೆ ಅರ್ಜಿ ಕೊಡಲು ರಾಜಧಾನಿಗೆ ಬರುವವರನ್ನು ಅರ್ಜಿ ಪಡೆಯುವ ಕಿಟಕಿ ಮುಟ್ಟುವ ಮೊದಲೇ ಹಿಡಿದು ಊರಿಗೆ ವಾಪಸು ಕಳಿಸುವುದು ಅವರ ಕೆಲಸ. ಒಂದು ಅರ್ಜಿ ಕಿಟಕಿಯಲ್ಲಿ ದಾಖಲಾದರೆ ಜಿಲ್ಲೆಯ ದೊಡ್ಡವರಿಗೆ ಮೇಲಿನಿಂದ ಪ್ರಶ್ನೆ ಬರುತ್ತದೆ. ಪ್ರಶ್ನೆ ಬರಬಾರದೆಂದರೆ ಅರ್ಜಿ ಬರಬಾರದು. ಅರ್ಜಿ ಬರಬಾರದೆಂದರೆ ಅರ್ಜಿದಾರ ಬರಬಾರದು. ಲೆಕ್ಕ ಅಷ್ಟು ಸರಳ.

ಹಿಡಿಯುವುದು ಮಾತ್ರ ಸರಳವಲ್ಲ. ನಡುಬೀದಿಯಲ್ಲಿ ಒಬ್ಬರ ರಟ್ಟೆ ಹಿಡಿದು ಎಳೆದರೆ ಜನ ಸೇರುತ್ತಾರೆ. ಅದಕ್ಕೇ ನೆಂಟ. ಅವನು ದೂರದಿಂದಲೇ ಕಣ್ಣಲ್ಲಿ ನೀರು ತುಂಬಿಕೊಂಡು ಓಡಿ ಬರುತ್ತಿದ್ದ. "ಮಾವಾ, ಸಿಟ್ಟು ಮಾಡ್ಕೊಂಡು ಮನೆ ಬಿಟ್ಟು ಬರೋದಾ?" "ಚಿಕ್ಕಮ್ಮಾ, ಮಕ್ಕಳು ಅಳ್ತಿದಾವೆ, ಬಾ." ಹಿಡಿಸಿಕೊಂಡವರು ಇವನ್ಯಾರೋ ಗೊತ್ತಿಲ್ಲ ಎಂದು ಕೂಗಿದಷ್ಟೂ ಅದು ಮನೆಜಗಳದಂತೆಯೇ ಕಾಣುತ್ತಿತ್ತು. ಜಗಳದಲ್ಲಿ ಸಂಬಂಧ ಇಲ್ಲ ಅನ್ನದವರು ಯಾರಿದ್ದಾರೆ? ದಾರಿಹೋಕರು "ಹೋಗಮ್ಮಾ, ಹೋಗು, ಮನೆಯವರ ಮೇಲೆ ಎಂಥ ಮುನಿಸು" ಎಂದು ಬುದ್ಧಿ ಹೇಳಿ, ಕೆಲವೊಮ್ಮೆ ವ್ಯಾನಿನ ಬಾಗಿಲನ್ನೂ ತೆಗೆದುಕೊಟ್ಟದ್ದುಂಟು. "ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ" ಎಂದು ಗೂಳಿ ಪ್ರತಿ ಸಲವೂ ನಗುತ್ತಿದ್ದ. ಗೂಳಿ ಎಂದರೆ ಅವರ ಗುಂಪಿನ ತೋಳು. ತಲೆ ಮೇಷ್ಟ್ರು. ಮೇಷ್ಟ್ರು ಹಿಂದೆ ಶಾಲೆಯೊಂದರಲ್ಲಿ ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದವರು. ಕೊರಳಲ್ಲಿ ಸೀಟಿ ಈಗಲೂ ಇತ್ತು.

ಆ ದವಡೆಯ ಮನುಷ್ಯ ಹೋದ ವರ್ಷ ಸಿಕ್ಕವನು. ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸದವನು. ಆ ಬಾಯ್ಲರ್ ಸಿಡಿದು, ಹೆಂಗಸರೇ ಹೆಚ್ಚು, ಬೆಂದುಹೋದರು. ಅದು ಸಿಡಿಯುತ್ತದೆ ಎಂದು ಅವನು ಮೊದಲೇ ಹೇಳಿದ್ದನಂತೆ. ಸರಿಯಾಗಿದೆ ಎಂದು ಮೊಹರು ಒತ್ತಿದ ಅಧಿಕಾರಿ ಯಾರ ಅಳಿಯ ಎಂಬುದೂ ಅವನಿಗೆ ಗೊತ್ತಿತ್ತು. ಅದನ್ನೇ ಬರೆದುಕೊಂಡು ಸಂಸತ್ತಿಗೆ ಕೊಡಲು ಬಂದ. ನೆಂಟ ಅವನನ್ನು "ಭಾವಾ" ಎಂದು ಕರೆದ. "ಭಾವಾ, ಅಕ್ಕ ಬಾವಿಗೆ ಬೀಳ್ತೀನಿ ಅಂತಿದ್ದಾಳೆ, ನೀವು ಹೀಗೆ ಊರೂರು ತಿರುಗೋದಾ?" ಬಾಯ್ಲರಿನವನು ಕಣ್ಣು ಕಣ್ಣು ಬಿಟ್ಟ. ಟೀ ಅಂಗಡಿಯವನು ಛೀ ಎಂದ. ಅಲ್ಲಿಗೆ ಮುಗಿಯಿತು.

ಸ್ಟೇಷನ್ನಿನ ಹಿಂದೆ ಮುಚ್ಚಿಹೋದ ಐಸ್ ಫ್ಯಾಕ್ಟರಿ ಇತ್ತು. ನೆಲಕ್ಕೂ ಗೋಡೆಗೂ ಬಿಳಿಯ ಹೆಂಚು, ನಡುವೆ ನೀರು ಹೋಗುವ ಮೋರಿ, ತೊಳೆಯುವುದು ಸುಲಭ. ಅಲ್ಲಿ ಮೇಷ್ಟ್ರದು ಒಂದೇ ನಿಯಮ: ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗುರುತು ಉಳಿಯದಂತೆ ಒದ್ದೆ ಗೋಣಿ ಹೊದಿಸಿ ಮೆಷಿನ್ನಿನ ರಬ್ಬರ್ ಪಟ್ಟಿಯಿಂದ ಅಂಗಾಲಿಗೆ, ತೊಡೆಗೆ. "ಊರಿಗೆ ಹೋಗ್ತೀನಿ" ಎಂದ ಕೂಡಲೇ ನಿಲ್ಲಿಸುವುದು. ಎಲ್ಲರೂ ಹೇಳುತ್ತಿದ್ದರು. ನಿವೃತ್ತ ತಹಸೀಲ್ದಾರನೊಬ್ಬ ಗೋಣಿ ಹೊದಿಸುವ ಮೊದಲೇ ಹೇಳಿಬಿಟ್ಟಿದ್ದ.

ಬಾಯ್ಲರಿನವನು ಹೇಳಲಿಲ್ಲ. ಹೊಡೆತದ ನಡುವೆ, "ಒಂದು ಸಲ ನೀವೇ ಬಂದು ಅದನ್ನ ನೋಡಿ ಸಾರ್, ನೋಡಿದ್ರೆ ನಿಮಗೇ ಗೊತ್ತಾಗುತ್ತೆ" ಎನ್ನುತ್ತಿದ್ದ. ಅಷ್ಟೇ. ಅದು ಮೇಷ್ಟ್ರಿಗೆ ತಡೆಯಲಾಗದ ಅಧಿಕಪ್ರಸಂಗವಾಯಿತು. ಕಾಲು ಝಾಡಿಸುತ್ತಾನೆ, ಹಿಡ್ಕೊಳ್ಳೋ ಎಂದರು. ನೆಂಟ ಅವನ ಮೊಣಕಾಲುಗಳ ಮೇಲೆ ಕೂತು ಎರಡೂ ಕಾಲನ್ನು ಒತ್ತಿ ಹಿಡಿದ. ಗೂಳಿ ಮೇಲಿನಿಂದ ಎದೆಯ ಮೇಲೆ ಹಾರಿದ. ಮತ್ತೆ ಹಾರಿದ. ಒಣಗಿದ ಬಿದಿರನ್ನು ಮಂಡಿಗೆ ಹಚ್ಚಿ ಮುರಿದ ಹಾಗೆ ಒಂದು ಸದ್ದು. ಗೋಣಿಯೊಳಗಿನ ಮಾತು ಅಲ್ಲಿಗೆ ನಿಂತಿತು. ಕೈಯ ಕೆಳಗೆ ಆ ಕಾಲುಗಳು ಬಿಗಿದು, ನಡುಗಿ, ಆಮೇಲೆ ಬರೀ ಭಾರವಾದದ್ದು ಅವನ ಅಂಗೈಗೆ ಗೊತ್ತಾಯಿತು. ಬೇರೆ ಯಾರಿಗೂ ಅಷ್ಟು ಬೇಗ ಗೊತ್ತಾಗಲಿಲ್ಲ. ಊರಿಗೆ ಒಯ್ದು ಬಸ್ ನಿಲ್ದಾಣದ ಬೆಂಚಿನ ಮೇಲೆ, ಮುಖಕ್ಕೆ ಟವಲು ಹಾಕಿ ಮಲಗಿಸಿ ಬಂದರು. ಎದೆ ನಿಂತುಹೋಯಿತು ಎಂದು ವೈದ್ಯರು ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸ್ಟೇಷನ್ನಿನ ಹೊರಗೆ ಮೇಷ್ಟ್ರು ಮೊಬೈಲನ್ನು ಅವನ ಮೂಗಿಗೆ ಹಿಡಿದರು. ಜಿಲ್ಲೆಯಿಂದ ಆಗಷ್ಟೇ ಬಂದ ಫೋಟೋ. ಅದೇ ದವಡೆ.

"ಇವಳು ಇಳಿದಳಾ?"

"ನೋಡ್ಲಿಲ್ಲ ಮೇಷ್ಟ್ರೇ."

"ಬಾಯ್ಲರಿನವನ ಅಕ್ಕ ಇವಳು. ಇಸ್ತ್ರಿ ಮಾಡೋಳು. ಅವನ ಅರ್ಜಿನೂ ತಂದಿದ್ದಾಳೆ, ಅವನು ಸತ್ತಿದ್ದಕ್ಕೆ ಇನ್ನೊಂದೂ ತಂದಿದ್ದಾಳೆ. ಡ್ರೈವರ್ ನೋಡಿದ್ದಾನೆ, ನಿನ್ನ ಪಕ್ಕದಲ್ಲೇ ಹೋದ್ಲಂತೆ. ನೀನೇನು ಕಂಬಕ್ಕೆ ಆನಿಕೆ ಕೊಟ್ಟು ನಿಂತಿದ್ಯಾ?"

ಮಾತು ಮುಗಿಯುವ ಮೊದಲೇ ಬೀಗದ ಕೈಗೊಂಚಲು ಕಿವಿಗೆ ಬಂದು ಅಪ್ಪಳಿಸಿತು. ಬಿಸಿಯಾದದ್ದು ಕತ್ತಿಗೆ ಇಳಿಯಿತು. ಆ ಕಿವಿಯಲ್ಲಿ ಜೇನುಹುಳುವೊಂದು ಹೊಕ್ಕು ಕೂತ ಹಾಗೆ ಗುಂಯ್‌ಗುಡತೊಡಗಿತು.

"ಇರಲಿ ಬಿಡಿ ಮೇಷ್ಟ್ರೇ," ಎಂದ ಗೂಳಿ. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಕಿಟಕಿ ಹತ್ರನೇ ಸಿಗ್ತಾಳೆ."

ಸಂಸತ್ತಿನ ಮುಂಭಾಗ ಎಲ್ಲರೂ ಚಿತ್ರದಲ್ಲಿ ಕಂಡಿರುತ್ತಾರೆ. ಅರ್ಜಿ ಕಿಟಕಿ ಇರುವುದು ಹಿಂಭಾಗದ ಓಣಿಯಲ್ಲಿ. ಎತ್ತರದ ಗೋಡೆ, ಅದರಲ್ಲಿ ಒಂದು ಬಾಗಿಲು, ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಸಾಲು: ಯಾವ ಪ್ರಜೆಯೂ ಇಲ್ಲಿ ಅರ್ಜಿ ಕೊಡಬಹುದು, ಕೊಟ್ಟದ್ದಕ್ಕಾಗಿ ಯಾರೂ ಅವನನ್ನು ನೋಯಿಸತಕ್ಕದ್ದಲ್ಲ. ಗೋಡೆಯ ಉದ್ದಕ್ಕೂ ನೆಲದ ಮೇಲೆ ಹಳದಿ ಗೆರೆ. ಗೆರೆಯೊಳಗೆ ಸಾಲಿನಲ್ಲಿ ನಿಂತವರನ್ನು ಹೊರಗಿನವರು ಮುಟ್ಟುವಂತಿಲ್ಲ. ಮುಟ್ಟಿದರೆ ಕಾವಲಿನವರ ಲಾಠಿ. ಗೆರೆಯ ಆಚೆಗೆ ಏನಾದರೂ ಅದು ಕಾವಲಿನವರ ಕಣ್ಣಿಗೆ ಬೀಳುವುದಿಲ್ಲ. ಮನೆಯವರು ಮಾತ್ರ ಗೆರೆ ದಾಟಿ ಮಾತಾಡಿಸಬಹುದು.

ಅವರು ಬಂದಾಗ ಗೆರೆಯ ಹೊರಗೆ ಒಬ್ಬ ಮುದುಕ ಬಿದ್ದಿದ್ದ. ಬೇರೆ ಯಾವುದೋ ಜಿಲ್ಲೆಯ ಹಿಡಿಯುವವರು ಅವನನ್ನು ಮೂತ್ರಕ್ಕೆಂದು ಸಾಲು ಬಿಟ್ಟಾಗ ಹಿಡಿದಿದ್ದರು. ಒಬ್ಬ ಹೆಂಗಸು "ಅಪ್ಪಾ, ಮನೆಗೆ ಬಾರಪ್ಪಾ" ಎಂದು ಎದೆ ಬಡಿದುಕೊಂಡು ಅಳುತ್ತಲೇ ಚಪ್ಪಲಿಯ ಹಿಮ್ಮಡಿಯಿಂದ ಅವನ ಬೆರಳುಗಳನ್ನು ಅರೆಯುತ್ತಿದ್ದಳು. ಬೆರಳು ಬಿಟ್ಟ ಕಾಗದವನ್ನು ಇನ್ನೊಬ್ಬ ಎತ್ತಿಕೊಂಡ. ಮುದುಕನನ್ನು ಕಾಲು ಹಿಡಿದು ಎಳೆದುಕೊಂಡು ಹೋಗುವಾಗ ಅವನ ತಲೆ ಚರಂಡಿಯ ಅಂಚಿಗೆ ಟಕ್ ಟಕ್ ಎಂದು ಬಡಿಯಿತು.

"ನೋಡ್ದ್ಯಾ, ನಿನ್ನ ವಿದ್ಯೆನೇ ಕದ್ದಿದ್ದಾರೆ," ಎಂದು ಗೂಳಿ ಮೊಣಕೈಯಿಂದ ತಿವಿದ. "ಅಳೋದು ನಿನಗಿಂತ ಚೆನ್ನಾಗಿ ಅಳ್ತಾಳೆ."

ಇಸ್ತ್ರಿಯವಳು ಸಾಲಿನಲ್ಲಿ ಬಾಗಿಲಿಗೆ ಹತ್ತಿರವೇ ಇದ್ದಳು. ತಿರುಗಿ ಆ ಮುದುಕನನ್ನೇ ನೋಡುತ್ತಿದ್ದಳು. ಚೀಲ ಈಗಲೂ ಬೆರಳ ತುದಿಯಲ್ಲಿ ಜೋತಾಡುತ್ತಿತ್ತು.

"ಹೋಗು," ಎಂದರು ಮೇಷ್ಟ್ರು. "ಗೆರೆಯಿಂದ ಆಚೆ ತಾ. ಆಮೇಲೆ ನಮ್ಮದು. ಬರ್ಲಿಲ್ಲ ಅಂದ್ರೆ ಇವತ್ತು ಗೋಣಿಯೊಳಗೆ ನೀನೇ."

ಅವನು ರಕ್ತ ಒರೆಸಿಕೊಂಡು ಗೆರೆ ದಾಟಿದ. ಕಣ್ಣಿಗೆ ನೀರು ತಾನಾಗಿ ಬಂತು. ಆ ದಿನ ಅದಕ್ಕೆ ಕಿವಿಯ ನೋವಿನ ಸಹಾಯವೂ ಇತ್ತು.

"ಅಕ್ಕಾ! ಎಲ್ಲೆಲ್ಲಿ ಹುಡುಕಿದೆ ಅಕ್ಕಾ ನಿನ್ನ! ಅಮ್ಮ ಅನ್ನ ನೀರು ಬಿಟ್ಟು ಮಲಗಿದ್ದಾಳೆ. ಸಿಟ್ಟಲ್ಲಿ ಒಂದು ಮಾತು ಆಡಿದ್ರೆ ಹೀಗೆ ಹೇಳದೆ ಕೇಳದೆ ಬಂದುಬಿಡೋದಾ? ಬಾ, ಮನೆಗೆ ಹೋಗೋಣ."

ಸಾಲಿನವರೆಲ್ಲ ತಿರುಗಿದರು. ಇನ್ನು ಅವಳು ನೀನ್ಯಾರೋ ಎನ್ನಬೇಕು, ಅವನು ಕಾಲು ಹಿಡಿಯಬೇಕು, ಅವಳು ಕೂಗಬೇಕು. ಇಷ್ಟು ವರ್ಷಗಳಲ್ಲಿ ಇದು ತಪ್ಪಿದ್ದೇ ಇಲ್ಲ.

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಈಗ ಬಂದ್ಯಾ?" ಎಂದಳು, ಇಡೀ ಓಣಿಗೆ ಕೇಳುವಂತೆ. "ಬೆಳಿಗ್ಗೆಯಿಂದ ನಿಂತು ನಿಂತು ಕಾಲು ಸೇದಿಹೋಯ್ತು. ತಮ್ಮ ಅಂತ ಇದ್ದೂ ಇಲ್ಲದ ಹಾಗೆ. ಮುಖ ನೋಡು, ಯಾರ ಹತ್ರ ಏಟು ತಿಂದು ಬಂದೆ? ಹಿಡಿ, ಈ ಚೀಲ ಹಿಡಿ."

ಚೀಲ ಅವನ ಕೈಗೆ ಬಂತು. ಇಷ್ಟು ದಿನ ಕಿತ್ತುಕೊಳ್ಳುತ್ತಿದ್ದುದನ್ನು ಇವಳು ತಾನಾಗಿ ಕೊಟ್ಟಿದ್ದಳು. ತೆಗೆದುಕೊಂಡು ಓಡಬಹುದಿತ್ತು, ಆದರೆ ಇನ್ನೊಂದು ಕೈಯ ಮಣಿಕಟ್ಟು ಅವಳ ಮುಷ್ಟಿಯೊಳಗಿತ್ತು. ದಿನವಿಡೀ ಕಬ್ಬಿಣದ ಪೆಟ್ಟಿಗೆ ಎತ್ತಿಳಿಸುವ ಕೈ ಅದು. ಮೂಳೆ ಮೂಳೆಗೆ ಉಜ್ಜಿದ ಹಾಗಾಯಿತು.

"ಇರಬೇಕಪ್ಪಾ ಇಂಥ ಒಬ್ಬ ತಮ್ಮ," ಎಂದ ಹಿಂದೆ ನಿಂತಿದ್ದ ಗಡ್ಡದವನು. "ತಡವಾದ್ರೂ ಬಂದನಲ್ಲ. ನನ್ನ ತಮ್ಮನಿಗೆ ನಾನು ಎಲ್ಲಿದ್ದೀನಿ ಅಂತಲೂ ಗೊತ್ತಿಲ್ಲ."

"ನಿಮ್ಮ ತಮ್ಮನೇ ಪುಣ್ಯವಂತ," ಎಂದಳು ಇಸ್ತ್ರಿಯವಳು. ಸುತ್ತಲಿದ್ದವರು ನಕ್ಕರು. ಆ ನಗುವಿನ ಮರೆಯಲ್ಲಿ ಅವಳ ಬಾಯಿ ಅವನ ಗುಂಯ್‌ಗುಡುವ ಕಿವಿಯ ಹತ್ತಿರ ಬಂತು.

"ಹೋದ ವರ್ಷ ಭಾವಾ ಅಂದ್ಯಂತೆ. ಟೀ ಅಂಗಡಿಯವನು ಹೇಳ್ದ, ಹೆಂಡತಿ ತಮ್ಮ ಹೀಗೇ ಅಳ್ತಾ ಬಂದು ಕರ್ಕೊಂಡು ಹೋದ ಅಂತ. ಅವನಿಗೆ ಮದುವೆನೇ ಆಗಿರ್ಲಿಲ್ಲ ಕತ್ತೆ."

ಯಾವ ಸಂಬಂಧಕ್ಕೂ ಅವನ ಬಳಿ ಮಾತಿತ್ತು. ಸಂಬಂಧವನ್ನು ಒಪ್ಪಿಕೊಂಡವರಿಗೆ ಹೇಳುವ ಮಾತು ಅವನು ಕಲಿತೇ ಇರಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅವನೂ ಹೋದ.

ಗೂಳಿಗೆ ತಾಳ್ಮೆ ಎಂಬುದು ಯಾವಾಗಲೂ ಕಡಿಮೆ. ಅವನು ಗೆರೆಯ ಅಂಚಿಗೆ ಬಂದು ನಿಂತ. "ಏಯ್, ನಡಿಯೇ ಮನೆಗೆ. ಗಂಡ ಅನ್ನೋ ಭಯ ಇಲ್ವಾ?"

"ಗಂಡನಾ?" ಅವಳು ಸಾಲಿನವರ ಕಡೆ ತಿರುಗಿದಳು. "ನನ್ನ ಗಂಡ ಸತ್ತು ಎಷ್ಟೋ ಕಾಲ ಆಯ್ತು. ಸತ್ತಾಗಲೂ ಇವನಿಗಿಂತ ಲಕ್ಷಣವಾಗಿದ್ದ."

ಜನ ಗೊಳ್ಳೆಂದು ನಕ್ಕದ್ದೇ ತಪ್ಪಾಯಿತು. ಗೂಳಿ ಗೆರೆಯೊಳಗೆ ನುಗ್ಗಿ ಮುಷ್ಟಿಯಿಂದ ಅವಳ ಬಾಯಿಗೆ ಗುದ್ದಿದ. ಅವಳ ತಲೆ ಗೋಡೆಗೆ ಬಡಿಯಿತು. ಅವನು ಕೂದಲು ಹಿಡಿದು ಮತ್ತೊಮ್ಮೆ ಬಡಿಸಿದ. ತುಟಿ ಎರಡು ಹೋಳಾಗಿ ಹಲ್ಲು ನೆಲಕ್ಕೆ ಬಿತ್ತು. ಬಿಳಿಯ ಗೋಡೆಯ ಮೇಲೆ ಒಂದು ಕೈಯಗಲ ಕೆಂಪು. ಇಷ್ಟಾದರೂ ನೆಂಟನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲಾಗಲಿಲ್ಲ. ಅವಳು ಕುಸಿದಾಗ ಅವನೂ ಅವಳ ಜೊತೆ ಮಂಡಿಯೂರಿದ. ತಡೆಯಲು ಅವನು ಏನೂ ಮಾಡಲಿಲ್ಲ. ಮಾಡಬೇಕು ಎಂದು ಹೊಳೆಯುವಷ್ಟರಲ್ಲಿ ಕಾವಲಿನವರು ಬಂದಿದ್ದರು.

ಅವರಿಗೆ ಇಸ್ತ್ರಿಯವಳ ಮೇಲೆ ಕನಿಕರವೇನೂ ಇರಲಿಲ್ಲ. ಗೆರೆ ದಾಟಿದವನು ಸಿಕ್ಕಿದ್ದ, ಅಷ್ಟೇ. ಮೊದಲ ಲಾಠಿ ಗೂಳಿಯ ಮೂಗಿಗೆ, ಮುಂದಿನದು ಮೊಣಕಾಲಿಗೆ. ಬಿದ್ದವನ ಮೇಲೆ, ಬೆಳಗಿನಿಂದ ಬಿಸಿಲಲ್ಲಿ ನಿಂತ ಬೇಸರವನ್ನೆಲ್ಲ ತೀರಿಸಿಕೊಳ್ಳುವವರಂತೆ, ಒಬ್ಬರಾದ ಮೇಲೆ ಒಬ್ಬರು ಹೊಡೆದರು. ಗೂಳಿ ಎಳೆಗರುವಿನ ಹಾಗೆ ಕೂಗಿದ. ಓಣಿಯ ತುದಿಯಲ್ಲಿ ಮೇಷ್ಟ್ರು ಬೆನ್ನು ತಿರುಗಿಸಿ ವ್ಯಾನಿನೊಳಗೆ ಕೂತರು.

"ಇವನ್ಯಾರು?" ಎಂದ ಕಾವಲಿನವನು ಲಾಠಿಯನ್ನು ನೆಂಟನ ಗದ್ದಕ್ಕೆ ಇಟ್ಟು.

"ಅವಳ ತಮ್ಮ ಸ್ವಾಮಿ, ತಮ್ಮ!" ಎಂದು ಗಡ್ಡದವನು, ಅವನ ಹಿಂದಿನವರು, ಎಲ್ಲರೂ ಒಟ್ಟಿಗೆ ಕೂಗಿದರು. "ನಾವೇ ಕೇಳಿದ್ವಿ!"

ಕಾವಲಿನವನು ಇಬ್ಬರನ್ನೂ ಬಾಗಿಲೊಳಗೆ ತಳ್ಳಿದ.

ಒಳಗೆ ಮರದ ಕಟಕಟೆ, ಸರಳಿನ ಕಿಟಕಿ, ಆಚೆ ಕನ್ನಡಕದ ಗುಮಾಸ್ತೆ. ಹೊರಗಿನ ಗದ್ದಲ ಅಲ್ಲಿಗೆ ಬೇರೊಂದು ಊರಿನದೆಂಬಂತೆ ಕೇಳುತ್ತಿತ್ತು. ಗುಮಾಸ್ತೆ ಇಸ್ತ್ರಿಯವಳ ಮುಖ ನೋಡಿ ಒಂದು ಹಳೆಯ ಟವಲನ್ನು ಸರಳಿನ ಸಂದಿಯಿಂದ ತಳ್ಳಿದಳು. ಇಂಥವಕ್ಕೆಂದೇ ಇಟ್ಟುಕೊಂಡ ಟವಲಿನ ಹಾಗಿತ್ತು ಅದು.

"ಅರ್ಜಿಯನ್ನ ಅರ್ಜಿದಾರರೇ ಗಟ್ಟಿಯಾಗಿ ಓದಬೇಕು," ಎಂದಳು, ಚೀಲದಿಂದ ತೆಗೆದುಕೊಟ್ಟ ಕಾಗದದ ಮೇಲೆ ಕಣ್ಣಾಡಿಸಿ. "ತಮ್ಮ ಮಾತು ತಮಗೆ ಗೊತ್ತಿರಬೇಕಲ್ಲ. ನಿಮ್ಮ ಕೈಲಿ ಆಗಲ್ಲ. ಜೊತೆಗೆ ರಕ್ತಸಂಬಂಧಿ ಯಾರಿದ್ದಾರೆ?"

ಇಸ್ತ್ರಿಯವಳು ಹಿಡಿದ ಮಣಿಕಟ್ಟನ್ನು ಎತ್ತಿ ತೋರಿಸಿದಳು.

"ತಮ್ಮನಾ? ಇದರಲ್ಲಿ ತಮ್ಮ ಸತ್ತ ಅಂತ ಇದೆ."

ಅವಳು ಎರಡು ಬೆರಳು ಎತ್ತಿದಳು. ಒಂದನ್ನು ಮಡಿಸಿದಳು. ಉಳಿದ ಒಂದನ್ನು ನೆಂಟನ ಎದೆಗೆ ಚುಚ್ಚಿ ನಿಲ್ಲಿಸಿದಳು.

ಗುಮಾಸ್ತೆ ಕನ್ನಡಕದ ಮೇಲಿನಿಂದ ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ಒಬ್ಬರ ದವಡೆ ಇನ್ನೊಬ್ಬರಿಗೆ ಇರಲಿಲ್ಲ. "ಓದಿ," ಎಂದಳು.

ಅವನು ಓದಿದ. ಮಾನ್ಯ ಸಂಸತ್ತಿನ ಸದಸ್ಯರಲ್ಲಿ ವಿನಂತಿ. ಬಾಯ್ಲರ್, ಮೊಹರು, ಬೆಂದ ಹೆಂಗಸರು. ಅದನ್ನು ಹೇಳಲು ಹೊರಟ ನನ್ನ ತಮ್ಮ. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಕೂಗಿ ಪಳಗಿದ ಗಂಟಲು; ಅಕ್ಷರ ತಪ್ಪಲಿಲ್ಲ. ಹೆಣ ತೊಳೆಯುವಾಗ ಕಂಡದ್ದನ್ನು ಅವಳು ಬರೆಸಿದ್ದಳು: ಅಂಗಾಲು ಕಪ್ಪು, ಎದೆ ಒಳಕ್ಕೆ ಹೋದದ್ದು, ಮೊಣಕಾಲಿನ ಸುತ್ತ ಬೆರಳಿನ ಗುರುತು. ಬೆರಳಿನ ಗುರುತು ಉಳಿದಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಮುಂದೆ ಓದಿದ. "ಸ್ಟೇಷನ್ನಿನ ಸಮೀಪದ ಯಾವುದೋ ಮನೆಯಲ್ಲಿ, ಯಾರೋ ಅಪರಿಚಿತರು."

"ಇಲ್ಲೇ ತೊಂದರೆ," ಎಂದಳು ಗುಮಾಸ್ತೆ, ಪೆನ್ನು ಕೆಳಗಿಟ್ಟು. "ಯಾವುದೋ ಮನೆ, ಯಾರೋ ಜನ ಅಂದ್ರೆ ಇದು ಸಮಿತಿಗೆ ಹೋಗಲ್ಲ. ಪರಿಶೀಲಿಸಿ ಅಂತ ಬರೆದು ನಿಮ್ಮ ಜಿಲ್ಲೆಗೇ ಕಳಿಸ್ತಾರೆ."

ಜಿಲ್ಲೆಗೆ ಹೋದರೆ ಏನಾಗುತ್ತದೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಇಸ್ತ್ರಿಯವಳು ಟವಲನ್ನು ಬಾಯಿಂದ ತೆಗೆದು ಏನೋ ಹೇಳಲು ಹೋದಳು. ಮಾತಿನ ಬದಲು ರಕ್ತ ಬಂತು. ಅವಳು ಅವನನ್ನು ನೋಡಲಿಲ್ಲ. ಬೇಡಲೂ ಇಲ್ಲ. ಮಣಿಕಟ್ಟನ್ನು ಬಿಟ್ಟುಬಿಟ್ಟಳು.

ಬಿಟ್ಟದ್ದೇ ಅವನಿಗೆ ಕಷ್ಟವಾಯಿತು. ಹಿಡಿದಿದ್ದರೆ ಅವಳೇ ಎಳೆದು ತಂದಳು ಎನ್ನಬಹುದಿತ್ತು. ಬಾಗಿಲು ಅಲ್ಲೇ ಇತ್ತು, ಹೊರಗೆ ವ್ಯಾನು. ನನ್ನನ್ನು ಬಲವಂತವಾಗಿ ಹಿಡಿದಿದ್ದಳು ಮೇಷ್ಟ್ರೇ ಎಂದರೆ ನಾಲ್ಕು ಏಟಿಗೆ ಮುಗಿಯುತ್ತಿತ್ತು. ಅವನು ಅಷ್ಟನ್ನೆಲ್ಲ ಯೋಚಿಸಿದ. ಯೋಚಿಸುತ್ತಿರುವಾಗಲೇ ತನ್ನ ದನಿ ಕೇಳಿಸಿತು.

"ಯಾವುದೋ ಮನೆ ಅಲ್ಲ. ಐಸ್ ಫ್ಯಾಕ್ಟರಿ. ಸ್ಟೇಷನ್ನಿನ ಹಿಂದೆ, ಮುಚ್ಚಿರೋದು."

ಗುಮಾಸ್ತೆ ಪೆನ್ನು ಎತ್ತಿಕೊಂಡಳು. ಅವನು ಮೇಷ್ಟ್ರ ಪೂರ್ತಿ ಹೆಸರು ಹೇಳಿದ, ಗೂಳಿಯದು ಹೇಳಿದ, ಡ್ರೈವರನದು, ವ್ಯಾನಿನ ನಂಬರು, ಜಿಲ್ಲೆಯಿಂದ ಫೋನ್ ಮಾಡುವ ಅಧಿಕಾರಿಯದು. ರಬ್ಬರ್ ಪಟ್ಟಿ ಎಲ್ಲಿ ನೇತುಹಾಕುತ್ತಾರೆ ಎಂಬುದನ್ನೂ ಹೇಳಿದ.

"ನಿಮಗೆ ಇದೆಲ್ಲ ಹೇಗೆ ಗೊತ್ತು?"

"ವ್ಯಾನಲ್ಲಿದ್ದೆ."

"ಸತ್ತವರ ಜೊತೆಗಾ?"

"ಹೂಂ."

ಗುಮಾಸ್ತೆ ಕಾಗದವನ್ನು ಸಹಿಗಾಗಿ ಅವನ ಕಡೆ ತಳ್ಳಿದಳು. ಅವನು ತನ್ನ ನಿಜವಾದ ಹೆಸರು ಬರೆದು, ಸಂಬಂಧ ಎಂದಿದ್ದ ಜಾಗದಲ್ಲಿ 'ತಮ್ಮ' ಎಂದು ಬರೆದ. ಬಾಯಲ್ಲಿ ಸಾವಿರ ಸಲ ಆಡಿದ ಸುಳ್ಳು ಕೈಯಿಂದ ಇಳಿದದ್ದು ಅದೇ ಮೊದಲು. ಮೊಹರು ಬಿತ್ತು. ಅರ್ಜಿ ಸಂಸತ್ತಿನದಾಯಿತು.

ಅರ್ಜಿ ಕೊಟ್ಟವರನ್ನು ಹಿಂಬಾಗಿಲಿನಿಂದ ಕಾವಲಿನ ಬಸ್ಸಿನಲ್ಲಿ ಆಸ್ಪತ್ರೆಗೋ ಸ್ಟೇಷನ್ನಿಗೋ ಬಿಡುವ ಪದ್ಧತಿಯಿತ್ತು. ಅರ್ಜಿದಾರರನ್ನು ಮಾತ್ರ. ಜೊತೆಗೆ ಬಂದವರು ಬಂದ ದಾರಿಯಲ್ಲೇ ಹೋಗಬೇಕು. ಬಸ್ಸು ಹತ್ತುವಾಗ ಇಸ್ತ್ರಿಯವಳು ತಿರುಗಿ ನೋಡಿದಳು. ಮುಖ ಊದಿಹೋಗಿತ್ತು; ಅದರಲ್ಲಿ ಏನಿತ್ತೆಂದು ಓದಲಾಗಲಿಲ್ಲ. ಅವನು ಮುಂಬಾಗಿಲಿನಿಂದ ಓಣಿಗೆ ಇಳಿದ. ವ್ಯಾನಿನ ಬಾಗಿಲು ತೆರೆದೇ ಇತ್ತು.

ಐಸ್ ಫ್ಯಾಕ್ಟರಿಯಲ್ಲಿ ಆ ದಿನ ಗೋಣಿ ಹೊದಿಸಲಿಲ್ಲ. ಗುರುತು ಉಳಿಯಬಾರದೆಂಬ ನಿಯಮ ಹೊರಗಿನವರಿಗೆ. ಮುರಿದ ಸೂರಿನಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಹೆಂಚಿನ ಮೇಲೆ ಬೀಳುತ್ತಿತ್ತು.

"ಯಾರೋ ನಿನ್ನಕ್ಕ?" ಎಂದರು ಮೇಷ್ಟ್ರು. ಪಟ್ಟಿ ಮುಖಕ್ಕೆ ಬಿತ್ತು. "ಯಾವ ಹೊಟ್ಟೆಯಲ್ಲಿ ಹುಟ್ಟಿದ್ರೋ ಇಬ್ಬರೂ? ಒಳಗೆ ಏನು ಬೊಗಳಿದೆ?"

"ಓದಿದೆ. ಅಷ್ಟೇ."

"ಓದಿದ್ಯಾ! ಪಂಡಿತ!" ಅವರು ಅವನ ಬಲಗೈಯನ್ನು ಒಳಗೇ ತಂದು ನಿಲ್ಲಿಸಿದ್ದ ವ್ಯಾನಿನ ಬಾಗಿಲ ಸಂದಿಗೆ ಇಡಿಸಿ, ಬಾಗಿಲನ್ನು ಎಳೆದು ಹಾಕಿದರು. ತೆರೆದು ಮತ್ತೆ ಹಾಕಿದರು. ಬೆರಳುಗಳು ಬೇರೆ ಯಾರದೋ ವಸ್ತುವಾದವು. ಅವನು ಕೂಗಿದ ಕೂಗು ಹೆಂಚಿನ ಗೋಡೆಗಳಲ್ಲಿ ಸುತ್ತಿ ಅವನ ಕೇಳಿಸುವ ಒಂದೇ ಕಿವಿಗೆ ವಾಪಸು ಬಂತು. ಆಮೇಲೆ ಅವನನ್ನು ಮೋರಿಯ ಪಕ್ಕ ಅಂಗಾತ ಮಲಗಿಸಿದರು.

"ಹಿಡ್ಕೊಳ್ಳೋ ಕಾಲು," ಎಂದರು ಮೇಷ್ಟ್ರು ಡ್ರೈವರನಿಗೆ.

ಡ್ರೈವರ್ ಬಂದು ಅವನ ಮೊಣಕಾಲುಗಳ ಮೇಲೆ ಕೂತ. ಪಟ್ಟಿ ಪಕ್ಕೆಗೆ ಬೀಳುತ್ತಿದ್ದಾಗ ನೆಂಟ ಕಂಡದ್ದು ಡ್ರೈವರನ ಮುಖವನ್ನು. ಡ್ರೈವರ್ ಅವನನ್ನು ನೋಡುತ್ತಿರಲಿಲ್ಲ. ಎದುರಿನ ಗೋಡೆಯಲ್ಲಿ ಬಿರುಕು ಬಿಟ್ಟ ಒಂದು ಹೆಂಚನ್ನು ಬಲು ಆಸಕ್ತಿಯಿಂದ ನೋಡುತ್ತಿದ್ದ. ಅಂಗೈ ಬೆವರಿತ್ತು. ಒಮ್ಮೆ, ಜಾರದಿರಲೆಂದು, ಹಿಡಿತವನ್ನು ಸರಿಮಾಡಿಕೊಂಡ. ಕಾಲು ಹಿಡಿದವನು ಕೆಳಗಿನಿಂದ ಹೀಗೆ ಕಾಣುತ್ತಾನೆ ಎಂಬುದು ನೆಂಟನಿಗೆ ಆಗ ತಿಳಿಯಿತು. ತಿಳಿದು ಮಾಡುವುದೇನೂ ಇರಲಿಲ್ಲ. ಪಕ್ಕೆಯಲ್ಲಿ ಏನೋ ಮುರಿಯಿತು. ಬಾಯಲ್ಲಿ ಉಪ್ಪು. ಊರಿಗೆ ಹೋಗ್ತೀನಿ ಎಂದು ಹೇಳಲು ಅವನಿಗೆ ಯಾವ ಊರೂ ನೆನಪಾಗಲಿಲ್ಲ.

ಸಮಿತಿಯ ಆಜ್ಞೆ ಹಿಡಿದು ಬಂದ ಪೊಲೀಸರು ಬಾಗಿಲು ಒಡೆದಾಗ ಮೇಷ್ಟ್ರು ನೆಲಕ್ಕೆ ನೀರು ಬಿಡುತ್ತಿದ್ದರು. ಗುಮಾಸ್ತೆ ಕಾಗದವನ್ನು ಅದೇ ದಿನ ಒಳಗೆ ಒಯ್ದು, ಸಮಿತಿಯ ಅಧ್ಯಕ್ಷರ ಊಟದ ಮೇಜಿನ ಮೇಲೆ ಇಟ್ಟಿದ್ದಳಂತೆ. ಯಾಕೆ ಅಷ್ಟು ಅವಸರ ಮಾಡಿದಳೆಂದು ಯಾರಿಗೂ ಗೊತ್ತಿಲ್ಲ. ಟವಲು ಹಾಳಾದ ಸಿಟ್ಟಿರಬಹುದು.

ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ಇಸ್ತ್ರಿಯವಳು ಅವನ ಮಂಚದ ಪಕ್ಕ ಬಂದು ಕೂತಳು. ತುಟಿಗೆ ಹೊಲಿಗೆ ಬಿದ್ದಿತ್ತು. ಮಾತು ಒಂದು ಬದಿಯಿಂದ ಹೊರಬರುತ್ತಿತ್ತು.

"ಸಾಯ್ಲಿಲ್ವಾ?" ಎಂದಳು.

"ಇಲ್ಲ."

"ಇಬ್ಬರು ತಮ್ಮಂದಿರು ಅಂತ ಬರೆಸಿಬಿಟ್ಟಿದ್ದೀನಿ. ಇಬ್ಬರೂ ಹೋದ್ರೆ ಅಲ್ಲಿ ಉತ್ತರ ಹೇಳೋರು ಯಾರು?"

ಅವನಿಗೆ ನಗು ಬಂತು. ಪಕ್ಕೆ ಅದನ್ನು ಅಲ್ಲೇ ನಿಲ್ಲಿಸಿತು. ಅವಳು ಬಹಳ ಹೊತ್ತು ಅವನ ಮೇಲೆ ಹೊದಿಸಿದ್ದ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಒತ್ತಿ ಒತ್ತಿ ತೀಡುತ್ತ ಕೂತಳು. ತೀಡುತ್ತಿದ್ದುದು ಮೊಣಕಾಲಿನ ಹತ್ತಿರ.

"ಅವನನ್ನ ಹಿಡಿದುಕೊಟ್ಟವನು ನೀನು. ಅದು ನನಗೆ ಗೊತ್ತು," ಎಂದಳು. "ಅದಕ್ಕೆ ನಿನ್ನ ಕೈ ಹೀಗಾಯ್ತು. ಆ ಲೆಕ್ಕ ಅಲ್ಲಿಗೆ. ಒಳಗೆ ಹೊಡೀವಾಗ ಎಲ್ಲಿದ್ದೆ?"

"ಹೊರಗೆ. ವ್ಯಾನಲ್ಲಿ."

"ಕೂಗು ಕೇಳಿಸ್ತಾ?"

"ಕೇಳಿಸ್ತು."

"ಏನಂದ?"

"ಒಂದು ಸಲ ಬಂದು ಬಾಯ್ಲರ್ ನೋಡಿ ಅಂದ."

ಅವಳ ಕೈ ನಿಂತಿತು. ಅವಳು ಅತ್ತಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅವನು ಎದುರಿನ ಗೋಡೆಯನ್ನು ನೋಡುತ್ತಿದ್ದ. "ಅವನೇ," ಎಂದಳು ಕೊನೆಗೆ. "ಅವನು ಹಾಗೇನೇ." ಎದ್ದಳು. ಹೋಗುವ ಮುಂಚೆ ಅವನ ತಲೆದಿಂಬನ್ನು ಎತ್ತಿ, ಕ್ಷಣ ಹಿಡಿದು ನಿಂತು, ಮಗ್ಗುಲು ಬದಲಿಸಿ ತಲೆಯಡಿಗೆ ಇಟ್ಟಳು.

ವಿಚಾರಣೆ ನಡೆಯಿತು. ನೆಂಟ ಬಲಗೈಯನ್ನು ಜೋಳಿಗೆಯಲ್ಲಿ ನೇತುಹಾಕಿಕೊಂಡು ಸಂಸತ್ತಿನ ಸಮಿತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಮೇಷ್ಟ್ರು, ಗೂಳಿ, ಪಟ್ಟಿ, ಮೋರಿ, ಫೋನು. ಮೊಣಕಾಲಿನ ಗುರುತು ಯಾರದೆಂದು ಸದಸ್ಯರೊಬ್ಬರು ಕೇಳಿದಾಗ ಗೂಳಿಯದಿರಬೇಕು ಎಂದ. ಗೂಳಿಯ ಮಾತನ್ನು ಆಗ ನಂಬುವವರು ಯಾರೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಇಸ್ತ್ರಿಯವಳು ಕೂತು ಕೇಳುತ್ತಿದ್ದಳು. ಆಮೇಲೆ ವರ್ಷಗಳ ಕಾಲ ಅವಳು ಅವನನ್ನು ನೋಡಲು ಆಗಾಗ ಬಂದಳು, ಅವನ ಅಂಗಿಗಳನ್ನು ಒಯ್ದು ಇಸ್ತ್ರಿ ಮಾಡಿ ತಂದುಕೊಟ್ಟಳು, ಜನರ ಮುಂದೆ ತಮ್ಮ ಎಂದೇ ಕರೆದಳು.

ಅವಳ ತಮ್ಮನ ಕಾಲುಗಳನ್ನು ಹಿಡಿದವನು ತಾನು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.